ತೇಲುವ ಪೆಟ್ಟಿಗೆ

“ಇದನ್ನ ಮುಚ್ಚಿದೋರು ಆಟಗಾರರಲ್ಲ ಕಣಮ್ಮ,” ಎಂದರು ಪೆಟ್ಟಿಗೆ ಮಾಡಿ ಮಾರುವ ಅಂಗಡಿಯ ಪೆಟ್ಟಿಗೆಯವರು.

ಮುಚ್ಚಳ ತಿರುಗಿಸಿ ತೆಗೆದು ಅರೆಗಳಿಗೆಯೂ ಆಗಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಆ ಉದ್ದನೆಯ ಕಪ್ಪು ಕೊಳವೆಯೊಳಗೆ ಒಂದೇ ಕಣ್ಣಲ್ಲಿ ಇಣುಕಿ, ಅನ್ನದಲ್ಲಿ ಕಲ್ಲು ಸಿಕ್ಕವರ ಹಾಗೆ ಮುಖ ಮಾಡಿದರು.

ಅದು ಪೂಲ್ ಆಡುವ ಕ್ಯೂ ಕೋಲನ್ನು ಹೊತ್ತೊಯ್ಯುವ ಪೆಟ್ಟಿಗೆ. ಹನ್ನೊಂದು ದಿನದ ಹಿಂದೆ, ಒಂದು ಸೋಮವಾರ, ಪಂದ್ಯದ ಫೈನಲ್ ಗೆದ್ದು ಹೊರಟ ಮೌನಿ ಎಂಬ ಆಟಗಾರ ಮನೆ ಸೇರಲಿಲ್ಲ. ಶನಿವಾರ ಊರಾಚೆಯ ಜಲಾಶಯದಲ್ಲಿ ಅವನ ಕೋಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಇದು ತೇಲುತ್ತಿತ್ತು. ಹೆಣ ಸಿಕ್ಕಿಲ್ಲ. ಇವತ್ತು ಸಂಜೆ ಪೊಲೀಸರು ಹುಡುಕಾಟ ನಿಲ್ಲಿಸಿ, ಮುಳುಗಿ ಸತ್ತ ಎಂದು ಬರೆದು ಕೈತೊಳೆದುಕೊಳ್ಳುವವರಿದ್ದರು.

“ಅಣ್ಣ ಇದ್ದಾನಾ ಇಲ್ವಾ, ಅಷ್ಟು ಹೇಳಿ ಮೇಡಂ. ಬೇರೆ ಏನೂ ಬೇಡ,” ಎಂದು ನನ್ನನ್ನು ಕರೆಸಿದವಳು ಅವನ ತಂಗಿ. ಆಸ್ಪತ್ರೆಯಲ್ಲಿ ನರ್ಸು. ಪೊಲೀಸರು ಕೋಲು ಹೊರಗೆಳೆಯದೆ ನೋಡಿ ಮುಚ್ಚಿಟ್ಟಿದ್ದ, ಸಹಿ ಹಾಕಿ ಬಿಡಿಸಿಕೊಂಡ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, ಈಗ ಅಂಗಡಿಯ ಸ್ಟೂಲಿನ ತುದಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದಳು.

ನಾನು ರೈಲ್ವೆಯ ಕಳೆದುಹೋದ ಸಾಮಾನುಗಳ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತೆಯಾಗಿದ್ದವಳು. ಜನ ಬಾಯಿ ತುಂಬಾ ಸುಳ್ಳು ಹೇಳುತ್ತಾರೆ, ಅವರ ಚೀಲಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಅಷ್ಟು ವಿದ್ಯೆ ನಂಬಿಕೊಂಡು ನಿವೃತ್ತಿಯ ನಂತರ ಪತ್ತೇದಾರಿಕೆಗೆ ಇಳಿದೆ. ಕೋಪ ಮಾತ್ರ ಗುಮಾಸ್ತೆಯ ಕಾಲದ್ದೇ, ಒಂದು ಚೂರೂ ಇಳಿದಿಲ್ಲ.

“ಆಟಗಾರರಲ್ಲ ಅಂತ ಹೇಗೆ ಹೇಳ್ತೀರಿ? ಬಿಡಿಸಿ ಹೇಳಿ.”

“ಕೋಲು ಎರಡು ತುಂಡು. ದಪ್ಪ ತುಂಡು ಹಿಡಿಯೋದಕ್ಕೆ, ಸಣ್ಣ ತುಂಡು ಚೆಂಡಿಗೆ ಹೊಡೆಯೋದಕ್ಕೆ. ಸಣ್ಣದರ ತುದೀಲಿ ಇಷ್ಟೇ ಇಷ್ಟು ಚರ್ಮದ ಬಿಲ್ಲೆ. ಆಟಗಾರನ ಪ್ರಾಣ ಇರೋದು ಆ ಬಿಲ್ಲೇಲಿ.” ಅವರು ಸಣ್ಣ ತುಂಡನ್ನು ಎರಡೇ ಬೆರಳಲ್ಲಿ ಎಳೆದು ತೆಗೆದರು. “ಬಿಲ್ಲೆ ಮೇಲೆ ಬರೋ ಹಾಗೆ ಇಡಬೇಕು. ಇಲ್ಲಿ ತಲೆಕೆಳಗು. ಕೋಲಿನ ಭಾರ ಎಲ್ಲಾ ಬಿಲ್ಲೆ ಮೇಲೆ ಬಿದ್ದು ಅಂಚು ಚಪ್ಪಟೆ ಆಗಿದೆ ನೋಡಿ. ನಮ್ಮೋರು ಯಾರೂ ಹೀಗೆ ಇಡಲ್ಲ. ಮಲಗಿದ ಮಗೂನ ತಲೆಕೆಳಗೆ ಮಲಗಿಸ್ತೀರಾ?”

“ಮೌನಿ ಅವಸರದಲ್ಲಿ ಇಟ್ಟಿರಬಹುದು.”

“ಅವನಾ?” ಅವರು ನಕ್ಕರು. ನಗು ಅರ್ಧಕ್ಕೇ ನಿಂತಿತು. “ಆ ಹುಡುಗ ಮನೆಗೆ ಬೆಂಕಿ ಬಿದ್ರೂ ಬಿಲ್ಲೆ ಒರೆಸಿ, ಮೇಲೆ ಮಾಡಿಟ್ಟು, ಆಮೇಲೆ ಓಡೋನು.”

ಅಂಗಡಿ ಒಂದು ಓಣಿಯಷ್ಟೇ ಅಗಲ. ಅಂಟು, ರಬ್ಬರು, ಹದ ಮಾಡಿದ ಚರ್ಮದ ವಾಸನೆ. ಮೇಲಿನ ತೊಲೆಗೆ ನಲವತ್ತು ಐವತ್ತು ಖಾಲಿ ಕೊಳವೆಗಳನ್ನು ಬಾಯಿ ಕೆಳಗೆ ಮಾಡಿ ತೂಗುಹಾಕಿದ್ದರು. ಫ್ಯಾನಿನ ಗಾಳಿ ತಾಕಿದಾಗಲೆಲ್ಲ ಅವು ಒಂದಾದ ಮೇಲೊಂದು ಸಣ್ಣಗೆ ಮುಲುಗುತ್ತಿದ್ದವು. ಜ್ವರದ ವಾರ್ಡಿನಲ್ಲಿ ಕೂತಂತಿತ್ತು. ಬೆಳಗಿನ ಹನ್ನೊಂದು ಗಂಟೆ ಬಿಸಿಲಿನಲ್ಲಿ ನನಗೆ ಮೈ ಜುಂ ಎಂದಿತು, ಸುಳ್ಳು ಯಾಕೆ ಹೇಳಲಿ.

“ನನಗೆ ಈ ಆಟದ ತಲೆಬುಡ ಗೊತ್ತಿಲ್ಲ,” ಎಂದೆ. “ನಾನೇ ಕೊಳ್ಳೋಕೆ ಬಂದಿದ್ದೀನಿ ಅಂತ ತಿಳ್ಕೊಳ್ಳಿ. ಬಾಳಿಕೆ ಬರೋ ಪೆಟ್ಟಿಗೆ ಬೇಕು. ಹೇಗೆ ಆರಿಸಲಿ?”

“ನನಗೂ ಗಂಧಗಾಳಿ ಇಲ್ಲ,” ಎಂದಳು ತಂಗಿ, ಯಾರೂ ಕೇಳದೆ.

ಪೆಟ್ಟಿಗೆಯವರಿಗೆ ಹುರುಪು ಬಂತು. ಒಂದು ಜಿಪ್ಪಿನ ಬಟ್ಟೆ ಚೀಲವನ್ನು ಎಳೆದು ನನ್ನ ಮುಂದೆ ಎಸೆದರು. “ಇದು ಶೋಕಿಯವರಿಗೆ. ವರ್ಷದೊಳಗೆ ಜಿಪ್ಪು ಬಾಯಿ ಬಿಡುತ್ತೆ. ಬಸ್ಸಲ್ಲಿ ಯಾರಾದ್ರೂ ಒರಗಿದ್ರೆ ಕೋಲು ಲಟಕ್.” ಆಮೇಲೆ ಚರ್ಮದ ಕೊಳವೆ. “ಇದು ನೋಡೋಕೆ ಚೆಂದ. ಆದ್ರೆ ಹಿಡಿಯ ಹೊಲಿಗೆ ನೋಡಬೇಕು. ಪೆಟ್ಟಿಗೆ ಸಾಯೋದು ಮೊದಲು ಹಿಡೀಲಿ. ನಾನು ನಾಲ್ಕು ಇಟ್ಟಿಗೆ ತೂಗುಹಾಕಿ ಒಂದು ವಾರ ಬಿಡ್ತೀನಿ.” ಅದಾದ ಮೇಲೆ ಮರದ್ದು, ಮೂಲೆಗಳಿಗೆ ಹಿತ್ತಾಳೆ ಬಡಿದದ್ದು. “ಇದು ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ಆದ್ರೆ ಹೊತ್ತುಕೊಂಡು ಹೋಗೋಕೆ ಇನ್ನೊಬ್ಬ ಆಳು ಬೇಕು.”

ಪ್ರತಿಯೊಂದರೊಳಗೂ ಎರಡು ತುಂಡು ಮಾಡಿದ ಪೊರಕೆ ಕೋಲು ಹಾಕಿ, ಮುಚ್ಚಿ, ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

“ಏನು ಕೇಳಿಸ್ತು?”

“ಕಟ ಕಟ ಅಂತು.”

“ಅಂದ್ರೆ ಬೇಡ. ಒಳಗಿನ ಕೋಲು ಮಾತಾಡಬಾರದು. ಇದನ್ನ ಕೇಳಿ.”

ಸಣ್ಣ ತುಂಡನ್ನು ಒಳಗಿಟ್ಟು ಮುಚ್ಚಿ, ಜಲಾಶಯದ ಕಪ್ಪು ಕೊಳವೆಯನ್ನು ಕಿವಿಗೆ ಹಿಡಿದರು. ಎಷ್ಟು ಅಲ್ಲಾಡಿಸಿದರೂ ಸದ್ದಿಲ್ಲ. ಒಳಗೆ ಏನೋ ಇದೆ, ಉಸಿರು ಬಿಗಿಹಿಡಿದು ಕೂತಿದೆ ಎನಿಸಿತು. ನಾನು ತಲೆ ಹಿಂದಕ್ಕೆಳೆದುಕೊಂಡೆ.

“ನನ್ನ ಕೆಲಸವೇ ಇದು,” ಎಂದರು ಅವರು. “ಗಟ್ಟಿ ಪ್ಲಾಸ್ಟಿಕ್ಕು, ಒಳಗೆ ಎರಡು ಪದರ ಸ್ಪಂಜು, ಮುಚ್ಚಳದ ಸುತ್ತ ರಬ್ಬರ್ ಪಟ್ಟಿ. ನೀರು ಒಂದು ಹನೀನೂ ಹೋಗಲ್ಲ. ಹೋದ ವಾರ ಬುಧವಾರ ಬೆಳಿಗ್ಗೆ ಕೊಟ್ಟೆ.”

ನಾನು ಕೈಬೆರಳಲ್ಲಿ ದಿನ ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.

“ಬುಧವಾರ? ಮೌನಿ ಕಾಣೆಯಾಗಿದ್ದು ಸೋಮವಾರ ಸಂಜೆ.”

“ಹೌದಾ?” ಎಂದರು. ಅವರಿಗೆ ದಿನ ಗೊತ್ತಿರಲಿಲ್ಲ. “ನನ್ನನ್ನ ಯಾರೂ ಕೇಳ್ಲಿಲ್ಲವಲ್ಲ ತಾಯಿ.”

ಅಯ್ಯೋ ನಮ್ಮ ಪೊಲೀಸಪ್ಪಂದಿರೇ! ಪೆಟ್ಟಿಗೆ ಸಿಕ್ಕ ಕೂಡಲೇ ಅದನ್ನು ಮಾಡಿದವನ ಬಾಗಿಲು ತಟ್ಟಬೇಕು ಎಂದು ಮಗುವಿಗೂ ಹೊಳೆಯುತ್ತದೆ. ನೀರಿಗೆ ಬಿದ್ದವನ ಹೆಗಲ ಮೇಲಿದ್ದ ಪೆಟ್ಟಿಗೆ ಅಲ್ಲವೇ ಅಲ್ಲ ಇದು. ಅವನು ಮಾಯವಾದ ಮೇಲೆ ಯಾರೋ ಅಂಗಡಿಗೆ ಬಂದು, ನೋಡಿ ಆರಿಸಿ ಕೊಂಡದ್ದು.

“ಯಾರು ಕೊಂಡರು?”

ಪೆಟ್ಟಿಗೆಯವರು ಫ್ಯಾನ್ ಆರಿಸಿದರು. ಮೇಲಿನ ಕೊಳವೆಗಳ ಮುಲುಗು ಒಂದೊಂದಾಗಿ ನಿಂತಿತು. ಆ ಮೌನ ಇನ್ನೂ ಕೆಟ್ಟದಾಗಿತ್ತು.

“ಗುರುಗಳು,” ಎಂದರು. “ಮೌನೀಗೆ ಆಟ ಕಲಿಸಿದ ಗುರುಗಳು. ಮೂವತ್ತು ವರ್ಷದಿಂದ ನನ್ನ ಗಿರಾಕಿ. ಕಣ್ಣು ಕಾಣಲ್ಲ, ಬೆರಳಲ್ಲೇ ಎಲ್ಲಾ ನೋಡ್ತಾರೆ. ಎಲ್ಲಾ ಪೆಟ್ಟಿಗೆ ಮುಟ್ಟಿ ಮುಟ್ಟಿ ಕೊನೆಗೆ ಒಂದು ಮಾತು ಕೇಳಿದ್ರು. ಗಟ್ಟಿನಾ ಅಂತ ಕೇಳೋರಿದ್ದಾರೆ, ಹಗುರನಾ ಅಂತ ಕೇಳೋರಿದ್ದಾರೆ. ಇದು ತೇಲುತ್ತಾ ಅಂತ ಕೇಳಿದೋರು ಇಷ್ಟು ವರ್ಷದಲ್ಲಿ ಅವರೊಬ್ಬರೇ.”

“ನೀವೇನಂದ್ರಿ?”

“ಹಿಂದೆ ನೀರಿನ ಡ್ರಮ್ ಇದೆ. ಕೋಲಿನಷ್ಟೇ ತೂಕ ತುಂಬಿ ಹಾಕಿ ತೋರಿಸಿದೆ. ತೇಲ್ತು. ಅವರು ನೀರಲ್ಲಿ ಕೈಯಾಡಿಸಿ ಅದನ್ನ ಮುಟ್ಟಿ ನೋಡಿ, ಇದೇ ಇರಲಿ ಅಂದ್ರು. ಮುಖ ಮಾತ್ರ ಬಿಳಿಚಿಕೊಂಡಿತ್ತಮ್ಮ.”

ತಂಗಿ ಎದ್ದು ನಿಂತಿದ್ದಳು.

“ಮೇಡಂ, ಗುರುಗಳು ವಯಸ್ಸಾದೋರು. ಅವರ ತಂಟೆ ಬೇಡ.”

“ತಂಟೆ ಮಾಡೋಕೆ ಹೋಗ್ತಿಲ್ಲಮ್ಮ, ಮಾತಾಡೋಕೆ ಹೋಗ್ತಿದ್ದೀನಿ. ನಿಮ್ಮಣ್ಣನ ಜೀವ ದೊಡ್ಡದೋ ಅವರ ಮಧ್ಯಾಹ್ನದ ನಿದ್ದೆ ದೊಡ್ಡದೋ?”

ಬರುವುದಿಲ್ಲ ಎನ್ನುವ ಹಾಗಿರಲಿಲ್ಲ. ನನ್ನ ಹಿಂದೆಯೇ ಬಂದಳು.

ಗುರುಗಳ ಪೂಲ್ ಹಾಲ್ ಒಂದು ನೆಲಮಾಳಿಗೆ. ಮೇಲೆ ಪಾತ್ರೆ ಅಂಗಡಿ, ಪಕ್ಕದಿಂದ ಇಳಿಯುವ ಹದಿನಾಲ್ಕು ಮೆಟ್ಟಿಲು. ನನ್ನ ಎಡಮಂಡಿ ಒಂದೊಂದು ಮೆಟ್ಟಿಲಿಗೂ ನನ್ನನ್ನು ಬೈಯಿತು. ಹೊರಗೆ ಮಧ್ಯಾಹ್ನ ಎರಡರ ಉರಿಬಿಸಿಲು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಕಣ್ಣಿಗೆ ಮಸಿ ಬಳಿದ ಹಾಗೆ ಕತ್ತಲು.

ಕತ್ತಲಲ್ಲಿ ಯಾರೋ ಆಡುತ್ತಿದ್ದರು. ಒಂದು ಚೆಂಡು ಉರುಳಿ ಹೋಗುವ ಸದ್ದು. ಅಂಚಿಗೆ ಬಡಿದು ‘ಡಬ್’. ಮತ್ತೆ ಉರುಳಿ ಬರುವ ಸದ್ದು. ಒಂದು ಗಳಿಗೆ ಸುಮ್ಮನೆ. ಮತ್ತೆ ಉರುಳು.

“ಇಬ್ಬರು,” ಎಂದಿತು ಒಂದು ಮೃದುವಾದ ದನಿ. “ಒಬ್ಬರಿಗೆ ಎಡಗಾಲು ನೋವು. ಇನ್ನೊಬ್ಬಳು ನಮ್ಮ ಹುಡುಗಿ. ಬಾ ಮಗಳೇ.”

ನಾನು ಕೈಚೀಲದಿಂದ ಟಾರ್ಚ್ ತೆಗೆದೆ. ಬ್ಯಾಟರಿ ಮುದಿಯಾಗಿತ್ತು. ಹಳದಿ ಬೆಳಕಿನಲ್ಲಿ ಮೊದಲ ಟೇಬಲ್ಲಿನ ಮುಂದೆ ಕೂತ ಬಿಳಿಗೂದಲ ಮನುಷ್ಯ ಕಂಡರು. ಬರಿಗೈಯಲ್ಲಿ ಒಂದೇ ಚೆಂಡನ್ನು ಉರುಳಿಸಿ, ಅದು ವಾಪಸ್ ಬಂದಾಗ ಹಿಡಿಯುತ್ತಿದ್ದರು. ತಪ್ಪಲಿಲ್ಲ, ಒಂದು ಸಲವೂ. ಅವರ ಹಿಂದೆ ಐದು ಟೇಬಲ್‌ಗಳು ನೆಲ ಮುಟ್ಟುವ ಬಿಳಿ ಹೊದಿಕೆ ಹೊದ್ದು ಸಾಲಾಗಿ ಮಲಗಿದ್ದವು. ಕೊನೆಯ ಎರಡರ ತನಕ ನನ್ನ ಬೆಳಕು ತಲುಪಲಿಲ್ಲ.

“ದೀಪ ಹಾಕಬಾರದಾ ಗುರುಗಳೇ?”

“ಐದಕ್ಕೆ ಆಟ ಶುರು ಆಗೋದು. ಆಗ ಕೆಲಸದವಳು ಬಂದು ಮೇನ್ ಸ್ವಿಚ್ ಹಾಕ್ತಾಳೆ, ಸ್ವಿಚ್ಚಿನ ಡಬ್ಬಿಯ ಬೀಗದ ಕೈ ಅವಳ ಹತ್ತಿರ. ಅಲ್ಲೀವರೆಗೆ ನನಗ್ಯಾಕಮ್ಮ ದೀಪ?”

ಹಿಂದೆಲ್ಲೋ ಮರ ಕಿರ್ ಎಂದಿತು. ಕುರ್ಚಿಯ ಮೇಲೆ ಭಾರ ಜರುಗಿದಂತೆ. ನಾನು ಟಾರ್ಚನ್ನು ಅತ್ತ ತಿರುಗಿಸಿದೆ. ಹೊದಿಕೆಗಳು, ಅವುಗಳಾಚೆ ಕಪ್ಪು.

“ಹಳೇ ಕಟ್ಟಡ,” ಎಂದರು ಗುರುಗಳು ನಗುತ್ತಾ. “ಏನಾದ್ರೂ ಸದ್ದು ಮಾಡ್ತಾ ಇರುತ್ತೆ.”

ಆ ನಗು ನನಗೆ ಹಿಡಿಸಲಿಲ್ಲ. ಏನನ್ನೋ ಬಚ್ಚಿಟ್ಟುಕೊಂಡ ಅಜ್ಜ ಮೊಮ್ಮಕ್ಕಳ ಮುಂದೆ ನಗುವ ನಗು. ಸುತ್ತಿ ಬಳಸಿ ಮಾತಾಡುವ ಸಹನೆ ನನಗಿಲ್ಲ. ಕಪ್ಪು ಕೊಳವೆಯನ್ನು ಅವರ ಮಡಿಲಲ್ಲಿಟ್ಟೆ.

“ಇದನ್ನ ಬುಧವಾರ ಕೊಂಡೋರು ನೀವು. ತೇಲುತ್ತಾ ಅಂತ ಕೇಳಿ ಕೊಂಡೋರು. ಮೂರು ದಿನಕ್ಕೆ ಇದು ನೀರಲ್ಲಿ ತೇಲ್ತು. ಈಗ ನನಗೆ ಹೇಳಿ, ಮೌನಿಯನ್ನ ಏನು ಮಾಡಿದ್ರಿ?”

ಅವರು ಕೊಳವೆಯನ್ನು ಉದ್ದಕ್ಕೂ ಸವರಿದರು.

“ನಾನು ಅವನಿಗೇನಮ್ಮ ಮಾಡ್ತೀನಿ? ಅವನಿಗೋಸ್ಕರ ತಂದದ್ದು. ಅವನೇ ಕೇಳಿದ್ದು.”

“ಯಾವಾಗ?”

“ಮಂಗಳವಾರ. ಇದೇ ಹೊತ್ತು. ಮಾತಾಡಲಿಲ್ಲ. ಟೇಬಲ್ ಹತ್ತಿರ ಇದ್ದಾಗ ಅವನು ಮಾತಾಡೋದೇ ಇಲ್ಲ, ಅದಕ್ಕೇ ಮೌನಿ ಅಂತ ಹೆಸರು. ನಾನು ಕೇಳಬೇಕು, ಅವನು ಮರ ತಟ್ಟಬೇಕು. ಹೌದಾದ್ರೆ ಒಂದು, ಇಲ್ಲ ಅಂದ್ರೆ ಎರಡು. ಚಿಕ್ಕಂದಿನಿಂದ ನಮ್ಮಿಬ್ಬರ ಪದ್ಧತಿ.” ಅವರು ಉಸಿರೆಳೆದುಕೊಂಡರು. “ಅವನ ಕೋಟಿನ ವಾಸನೆ. ಕೋಲನ್ನ ನನ್ನ ಕೈಯಲ್ಲಿಟ್ಟ. ಮುಟ್ಟಿ ನೋಡಿದೆ, ಅವನದೇ. ಹಳೇ ಪೆಟ್ಟಿಗೆ ಎಲ್ಲೋ ಅಂದೆ. ಉತ್ತರ ಇಲ್ಲ. ಹೊಸದು ಬೇಕಾ ಅಂದೆ. ಒಂದು ತಟ್ಟಿದ. ಚರ್ಮದ್ದಾ? ಎರಡು. ಮರದ್ದಾ? ಎರಡು. ನೀರು ಹೋಗಬಾರದಾ? ಒಂದು.”

“ಆಮೇಲೆ?”

“ಏನೋ, ತೇಲಬೇಕೇನೋ ಅಂತ ತಮಾಷೆಗೆ ಕೇಳಿದೆ.” ಗುರುಗಳ ದನಿ ಇಳಿಯಿತು. “ಒಂದು ತಟ್ಟಿದ. ನಾನು ನಗಬೇಕು ಅಂದ್ಕೊಂಡೆ, ಆಗಲಿಲ್ಲ.”

ಸೋಮವಾರ ಮಾಯವಾದವನು ಮಂಗಳವಾರ ಈ ಕತ್ತಲಿಗೆ ಬಂದು, ತನ್ನ ಸಾವಿಗೆ ಬೇಕಾದ ಪೆಟ್ಟಿಗೆಯನ್ನು ತಟ್ಟಿ ತಟ್ಟಿ ಆರಿಸಿದನೇ?

“ಆಡಿದನಾ?”

“ಒಂದೇ ಏಟು ಹೊಡೆದ. ಕೈಯಲ್ಲಿ ಜೀವ ಇರಲಿಲ್ಲ. ಸುಸ್ತಾಗಿದ್ದಾನೆ ಅಂದ್ಕೊಂಡೆ. ಬುಧವಾರ ಬಂದು ಪೆಟ್ಟಿಗೆ ತಗೊಂಡು ಹೋದ.”

“ಆಮೇಲೆ—”

“ಆಮೇಲೆ ಬಂದನಾ, ಎಲ್ಲಿದ್ದಾನೆ, ಅದೆಲ್ಲಾ ನನ್ನ ಬಾಯಿಂದ ಬರಲ್ಲ,” ಎಂದರು ಗುರುಗಳು, ನೇರ ಕೂತು. “ನನ್ನನ್ನ ನಂಬಿ ಬಂದೋನನ್ನ ನಾನು ಬಿಟ್ಟುಕೊಡಲ್ಲ. ಅವನು ಸತ್ತಿಲ್ಲ, ಅಷ್ಟು ತಿಳ್ಕೊಂಡು ಹೋಗಿ. ಅಳಬೇಡ ಮಗಳೇ. ಯಾಕೆ ಸುಮ್ಮನೆ ನಿಂತಿದ್ದೀಯ? ಆಟ ಬಿಟ್ಟೆ ಸರಿ, ಮಾತೂ ಬಿಟ್ಟೆಯಾ?”

ನಾನು ನಿಧಾನವಾಗಿ ತಿರುಗಿದೆ.

“ಆಟ ಬಿಟ್ಟಳಾ? ಯಾವಾಗ ಆಡ್ತಿದ್ದಳು?”

“ಚಿಕ್ಕ ಹುಡುಗಿಯಾಗಿದ್ದಾಗ ಎರಡು ವರ್ಷ. ಅಣ್ಣನ ಜೊತೆಗೇ ಬರೋಳು. ಕೈ ಚೆನ್ನಾಗಿತ್ತು. ನರ್ಸಿಂಗ್ ಸೇರಿದ ಮೇಲೆ ನಿಂತುಹೋಯ್ತು. ಪಾಪ, ಒಂದು ಸ್ವಂತ ಕೋಲು ತಗೊಳ್ಳೋಕೂ ಆಗಲಿಲ್ಲ, ಗೋಡೆಗೆ ನಿಲ್ಲಿಸಿರೋ ಕೋಲಲ್ಲೇ ಆಡಿ ಹೋದಳು.”

ಗಂಧಗಾಳಿ ಇಲ್ಲವಂತೆ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೆಳಿಗ್ಗೆ ಅಂಗಡಿಯಲ್ಲಿ ನಾನು ಅವಳನ್ನು ಕೇಳಿಯೇ ಇರಲಿಲ್ಲ, ತಾನಾಗಿ ಹೇಳಿದ್ದಳು.

ಆಗ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಆ ಪೆಟ್ಟಿಗೆಯಲ್ಲಿ ಕೋಲು ಇಟ್ಟವರಿಗೆ ಆಟ ಗೊತ್ತು, ತಟ್ಟುವ ಪದ್ಧತಿ ಗೊತ್ತು, ಒಂದು ಏಟು ಹೊಡೆಯಲೂ ಬರುತ್ತದೆ. ಆದರೆ ಕೋಲನ್ನು ಬಿಚ್ಚಿ ಪೆಟ್ಟಿಗೆಯಲ್ಲಿಡುವುದು ಮಾತ್ರ ಗೊತ್ತಿಲ್ಲ. ಯಾಕೆಂದರೆ ಆಡಿದ ಮೇಲೆ ಕೋಲನ್ನು ಗೋಡೆಗೆ ಒರಗಿಸಿ ಮನೆಗೆ ಹೋಗಿ ಅಭ್ಯಾಸ. ಬಿಲ್ಲೆ ಮೇಲೆ ಇರಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಟಾರ್ಚನ್ನು ಅವಳ ಮುಖಕ್ಕೆ ಹಿಡಿದೆ. ಕಣ್ಣು ಮುಚ್ಚಿಕೊಂಡಳು.

“ಬಿಲ್ಲೆ ಕೆಳಗೆ ಮಾಡಿಟ್ಟೆಯಲ್ಲಮ್ಮ,” ಎಂದೆ.

ಗುರುಗಳ ಕೈಯಲ್ಲಿದ್ದ ಚೆಂಡು ಜಾರಿ ಟೇಬಲ್ ಮೇಲೆ ತಾನೇ ಉರುಳಿಕೊಂಡು ಹೋಯಿತು. ಈ ಸಲ ಅವರು ಹಿಡಿಯಲಿಲ್ಲ.

“ಮಗಳೇ,” ಎಂದರು. “ಆ ಮಂಗಳವಾರ ಬಂದದ್ದು ನೀನಾ?”

ಅವಳು ಕೈ ಚಾಚಿ ಟೇಬಲ್ಲಿನ ಮರದ ಅಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಒಂದು ಸಲ.

ಗುರುಗಳು ಮುಖ ಮುಚ್ಚಿಕೊಂಡರು. ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಕೆನ್ನೆಗೆ ಬಾರಿಸುವಷ್ಟು. ಕಣ್ಣಿಲ್ಲದ ಮುದುಕನಿಗೆ ಅವನ ಮಗನಂಥವನ ಕೋಟು ಹಾಕಿಕೊಂಡು ಬಂದು ಮೋಸ ಮಾಡುವುದೇ?

“ಕ್ಷಮಿಸಿ ಗುರುಗಳೇ,” ಎಂದು ಅವಳು ಅಲ್ಲೇ ಕುಸಿದು ಕೂತಳು. “ಬೇರೆ ದಾರಿ ಇರಲಿಲ್ಲ. ಬಾಜಿ ಕಟ್ಟಿದೋರು ಅಣ್ಣನಿಗೆ ಬೇಕಂತಲೇ ಸೋತುಬಿಡು ಅಂದಿದ್ರು. ಅವನು ಗೆದ್ದ. ಸೋಮವಾರ ಸಂಜೆ ಪಂದ್ಯದ ಜಾಗದ ಮೆಟ್ಟಿಲ ಹತ್ತಿರ ಹಿಡಿದು ಬಲಗೈ ಮುರಿದ್ರು. ಐದು ಬೆರಳಲ್ಲಿ ಮೂರು ಮುರಿದಿವೆ. ಪೆಟ್ಟಿಗೆ ತುಳಿದು ಪುಡಿ ಮಾಡಿದ್ರು. ಮುಂದಿನ ಸಲ ಜೀವ ಅಂದ್ರಂತೆ. ಅವನು ಸತ್ತ ಅಂತ ಅವರಿಗೆ ಅನ್ನಿಸಬೇಕಿತ್ತು.”

“ಅದಕ್ಕೆ ನೀರು.”

“ಹೂಂ. ಅವನ ಕೋಲು ಸಿಕ್ಕಿದ್ರೆ ಎಲ್ಲಾರೂ ನಂಬ್ತಾರೆ, ಅದನ್ನ ಬಿಟ್ಟು ಅವನು ಎಲ್ಲೂ ಹೋಗಲ್ಲ. ಆದ್ರೆ ಬರೀ ಕೋಲು ಎಸೆದ್ರೆ ನೆನೆದು ಸೊಟ್ಟಗಾಗುತ್ತೆ ಮೇಡಂ. ಕೈ ವಾಸಿಯಾದ ಮೇಲೆ ಅವನಿಗೆ ಬೇಕಲ್ಲ. ಅದಕ್ಕೇ ಮುಳುಗದ ಪೆಟ್ಟಿಗೆ. ನಾನು ಅಂಗಡಿಗೆ ಹೋದ್ರೆ ಗುರುತು ಸಿಗ್ತಿತ್ತು. ಗುರುಗಳನ್ನ ಯಾರು ಅನುಮಾನಿಸ್ತಾರೆ?”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಈ ಹುಡುಗಿ ಅದನ್ನು ಅಕ್ಷರಶಃ ನಡೆಸಿಬಿಟ್ಟಿದ್ದಳು. ನನ್ನ ಸಿಟ್ಟು ಅರ್ಧ ಇಳಿಯಿತು. ಮುರಿದ ಬೆರಳುಗಳು ಮತ್ತೆ ಕೋಲು ಹಿಡಿಯುತ್ತವೆ ಎಂದು ನಂಬಿ, ಅಣ್ಣನ ಸಾವಿನ ನಾಟಕದಲ್ಲೂ ಕೋಲಿನ ಕ್ಷೇಮ ನೋಡಿದವಳು.

“ಮತ್ತೆ ನನ್ನನ್ನ ಯಾಕೆ ಕರೆದೆ ಮಾರಾಯ್ತಿ? ಸುಮ್ಮನಿದ್ದಿದ್ರೆ ಇವತ್ತು ಸಂಜೆಗೆ ಮುಗೀತಿತ್ತು.”

“ಅವರು ದಡ್ಡರಲ್ಲ. ನೀವು ಬಲು ಚುರುಕು ಅಂತ ಕೇಳಿದ್ದೆ. ನೀವೂ ಅಣ್ಣ ಸತ್ತ ಅಂದ್ರೆ ಅವರೂ ನಂಬ್ತಾರೆ ಅಂದ್ಕೊಂಡೆ.” ಅವಳು ಮೂಗು ಒರೆಸಿಕೊಂಡಳು. “ಅರ್ಧ ದಿನದಲ್ಲಿ ಕಂಡುಹಿಡಿದುಬಿಟ್ರಿ.”

ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಹೊಗಳಿಕೆ ಎಂದೇ ತೆಗೆದುಕೊಂಡೆ. ಈಗ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ, ಆದರೆ ಆಗ ನಾನು ಗೆದ್ದ ಉಬ್ಬಿನಲ್ಲಿದ್ದೆ.

“ಈಗ ಎಲ್ಲಿದ್ದಾನೆ?”

ಅವಳು ಹಿಂಜರಿದಳು.

“ನೋಡಮ್ಮ, ನಾನು ಕಂಡುಹಿಡಿದದ್ದನ್ನ ಇನ್ನೊಬ್ಬರೂ ಕಂಡುಹಿಡೀತಾರೆ. ಅವನನ್ನ ಊರಿಂದ ದಾಟಿಸಬೇಕು, ಇವತ್ತೇ. ಎಲ್ಲಿ ಬಚ್ಚಿಟ್ಟಿದ್ದೀಯ?”

“ನಮ್ಮ ಸೋದರತ್ತೆ ಮನೇಲಿ. ಹಳೇ ಗಡಿಯಾರ ರಿಪೇರಿ ಅಂಗಡಿ ಮೇಲೆ, ನೀಲಿ ಬಾಗಿಲು. ಅತ್ತೆ ಕೆಲಸಕ್ಕೆ ಹೋಗ್ತಾರೆ. ಹಗಲು ಹೊತ್ತು ಅವನೊಬ್ಬನೇ.”

“ಒಬ್ಬನೇ ಯಾಕೆ ಬಿಟ್ಟೆ? ಕೈ ಬೇರೆ ಆಗಲ್ಲ ಅಂತೀಯ.”

“ನನಗೆ ಡ್ಯೂಟಿ ಇರುತ್ತಲ್ಲ ಮೇಡಂ. ಸಂಜೆ ಆರಕ್ಕೆ ಹೋಗಿ ಪಟ್ಟಿ ಬದಲಾಯಿಸ್ತೀನಿ.”

ನಾನು ಲೆಕ್ಕ ಹಾಕತೊಡಗಿದೆ. ಟ್ಯಾಕ್ಸಿ ಎಲ್ಲಿ ಸಿಗುತ್ತದೆ, ನನ್ನ ಹಳೆಯ ಸಹೋದ್ಯೋಗಿಗಳಲ್ಲಿ ಯಾರಿಗೆ ಹೇಳಿದರೆ ಸಂಜೆಯ ರೈಲಿನಲ್ಲಿ ಜಾಗ ಕೊಡಿಸುತ್ತಾರೆ. ಗುರುಗಳು ತಲೆಯನ್ನು ಒಂದು ಕಡೆ ವಾಲಿಸಿ ಕಿವಿಗೊಟ್ಟು ಕೂತಿದ್ದರು. ನಮ್ಮ ಮಾತನ್ನೇ ಕೇಳುತ್ತಿದ್ದಾರೆ ಎಂದುಕೊಂಡೆ.

“ಮಗಳೇ,” ಎಂದರು ಕೊನೆಗೆ. ದನಿ ಒಣಗಿತ್ತು. “ನೀನು ಎಷ್ಟು ದಿನ ಬಂದೆ?”

“ಎರಡೇ ದಿನ ಗುರುಗಳೇ. ಆ ಮಂಗಳವಾರ, ಬುಧವಾರ. ಆಮೇಲೆ ಈ ಕಡೆ ತಲೆ ಹಾಕಿಲ್ಲ.”

“ಈ ವಾರ?”

“ಇಲ್ಲ. ಇವತ್ತೇ ಬಂದದ್ದು.”

“ಮೌನಿ?”

“ಅಣ್ಣ ಹಾಸಿಗೆ ಬಿಟ್ಟು ಎದ್ದಿಲ್ಲ.”

ಗುರುಗಳು ಟೇಬಲ್ಲಿನ ಅಂಚು ಹಿಡಿದು ಎದ್ದು ನಿಂತರು. ಅವರ ಕುರುಡು ಕಣ್ಣುಗಳು ನನ್ನ ಟಾರ್ಚಿನ ಬೆಳಕಲ್ಲಿ ಎರಡು ಬಿಳಿ ಗೋಲಿಗಳಾಗಿದ್ದವು.

“ಈ ಸೋಮವಾರದಿಂದ ಒಬ್ಬ ಬರ್ತಾನೆ,” ಎಂದರು. “ದಿನಾ, ಮಧ್ಯಾಹ್ನ. ಮೊದಲ ದಿನ ಬಾಗಿಲ ಹತ್ತಿರ ನಿಂತ. ಮೌನೀನಾ, ಹೌದಾದ್ರೆ ಒಂದು ತಟ್ಟು ಅಂದೆ. ತಟ್ಟಿದ. ನಾನೇ ಹೇಳಿಕೊಟ್ಟ ಹಾಗಾಯ್ತಲ್ಲ! ಆಡಲ್ಲ. ಹಿಂದಿನ ಮೂಲೇಲಿ ಕುರ್ಚಿ ಮೇಲೆ ಸುಮ್ಮನೆ ಕೂರ್ತಾನೆ. ಯಾರಾದ್ರೂ ಬಂದು ಮಾತಾಡಿದ್ರೆ ಕೇಳ್ತಾ ಇರ್ತಾನೆ. ಪಾಪ, ಹೆದರಿದ್ದಾನೆ, ನಾನಾದ್ರೂ ಅವನನ್ನ ಕಾಪಾಡಬೇಕು ಅಂತ ಯಾರಿಗೂ ಹೇಳಲಿಲ್ಲ.”

ನಾನು ಟಾರ್ಚನ್ನು ಹಿಂದಿನ ಮೂಲೆಯತ್ತ ತಿರುಗಿಸಿದೆ.

“ಇವತ್ತು ಬಂದಿದ್ದನಾ ಗುರುಗಳೇ?”

“ನಿಮಗಿಂತ ಅರ್ಧ ಗಂಟೆ ಮುಂಚೆ.”

ನಾನು ಮಂಡಿಯ ನೋವು ಮರೆತು ಟೇಬಲ್‌ಗಳ ನಡುವೆ ಓಡಿದೆ. ಹೊದಿಕೆಗಳು ಕಾಲಿಗೆ ತೊಡರಿದವು. ಮೂಲೆಯ ಕುರ್ಚಿಯ ಮೇಲೆ ಯಾರೂ ಇರಲಿಲ್ಲ. ಕೈಯಿಟ್ಟೆ, ಕೂರುವ ಹಲಗೆ ಇನ್ನೂ ಬೆಚ್ಚಗಿತ್ತು. ಅದರಾಚೆ ಓಣಿಗೆ ತೆರೆಯುವ ಹಿಂದಿನ ಬಾಗಿಲು ಒಂದಿಂಚು ತೆರೆದಿದ್ದು, ನೆಲದ ಮೇಲೆ ಬಿಸಿಲು ಒಂದು ಗೆರೆಯಾಗಿ ಬಿದ್ದಿತ್ತು.

“ಬಾಜಿಯವರು!” ಎಂದು ನನ್ನ ಹಿಂದೆ ತಂಗಿ ಚೀರಿದಳು. ಮೆಟ್ಟಿಲು ಹತ್ತಿ ಓಡುವ ಅವಳ ಹೆಜ್ಜೆ ಕೇಳಿಸಿತು.

“ಹೋದದ್ದು ಯಾವಾಗ?” ಎಂದು ಕೂಗಿದೆ. “ಕೇಳಿಸಿರಬೇಕಲ್ಲ ನಿಮಗೆ!”

“ಕೇಳಿಸ್ತು,” ಎಂದರು ಗುರುಗಳು ಕತ್ತಲಿನಿಂದ. “ಅವಳು ನೀಲಿ ಬಾಗಿಲು ಅಂದಳಲ್ಲ, ಆಗಲೇ ಎದ್ದು ಹೋದ.”